ಹರಾಜಿನಲ್ಲಿ ಗೆದ್ದ ಮೇಲೆ ಮನಸ್ಸು ಬದಲಾದರೆ ಹಣ ವಾಪಸು ಕೇಳಬಹುದೇ?

ಹಳೆಯಲೆನ್ಸ್

ಮೂರು ದಿನಗಳ ಹಿಂದೆ, ನಡುರಾತ್ರಿ ದಾಟಿದ ಮೇಲೆ, ಆನ್‌ಲೈನ್ ಹರಾಜಿನಲ್ಲಿ ಒಂದು ಹಳೆಯ ಕ್ಯಾಮೆರಾ ಲೆನ್ಸ್ ನನ್ನ ಹೆಸರಿಗೆ ಬಿತ್ತು. ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂದು ಒಂದು ಮೊತ್ತವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕೂತಿದ್ದೆ. ಕೊನೆಯ ಎರಡು ನಿಮಿಷಗಳಲ್ಲಿ ಇನ್ನೊಬ್ಬರು ಏರಿಸುತ್ತ ಹೋದರು, ನಾನೂ ಏರಿಸುತ್ತ ಹೋದೆ. ಗಡಿಯಾರ ಸೊನ್ನೆಗೆ ಬಂದಾಗ ಚೀಟಿಯಲ್ಲಿದ್ದ ಮೊತ್ತದ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಲೆನ್ಸ್ ಬೇಕು ಎನ್ನುವುದಕ್ಕಿಂತ ಎದುರಿನವರಿಗೆ ಬಿಟ್ಟುಕೊಡಬಾರದು ಎನ್ನುವುದೇ ಆ ಹೊತ್ತಿನಲ್ಲಿ ಮುಂದಾಗಿತ್ತು. ಹಣವನ್ನೂ ಆಗಲೇ ಕಟ್ಟಿಬಿಟ್ಟೆ.

ಬೆಳಿಗ್ಗೆ ಎದ್ದಾಗ ಎದೆ ಭಾರವಾಗಿತ್ತು. ಆ ಹಣಕ್ಕೆ ಮನೆಯಲ್ಲಿ ಬೇರೆ ಕೆಲಸವಿತ್ತು. ಲೆನ್ಸಿನಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ, ಅದು ಇನ್ನೂ ಕೈ ಸೇರಿಲ್ಲ. ನನಗೆ ಬೇಡವಾಗಿದೆ, ವಿಷಯ ಅಷ್ಟೇ. ಮಾರಾಟಗಾರರ ಪುಟದಲ್ಲಿ ‘ಹರಾಜಿನ ವಸ್ತು, ವಾಪಸು ಪಡೆಯುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಇದೆ. ಆ ಒಂದು ಸಾಲಿನಿಂದ ಎಲ್ಲವೂ ಮುಗಿಯಿತೇ? ಮನಸ್ಸು ಬದಲಾಯಿತು ಎಂಬ ಒಂದೇ ಕಾರಣಕ್ಕೆ ಹಣ ವಾಪಸು ಕೇಳುವ ಹಕ್ಕು ಕೊಳ್ಳುವವರಿಗೆ ಎಲ್ಲಿಯಾದರೂ ಇದೆಯೇ?

ಮೂರನೆಯಸಾರಿ

ನಾನು ಹಲವು ವರ್ಷ ಹರಾಜು ಕಟ್ಟೆಯಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದವನು. ನಿಮಗೆ ಬೇಸರವಾದರೂ ನೇರವಾಗಿ ಹೇಳುತ್ತೇನೆ. ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದು ಸುತ್ತಿಗೆ ಬಿದ್ದ ಮೇಲೆ ಮಾತು ಮುಗಿಯಿತು. ಬೀಳುವ ತನಕ ಕೂಗಿದವರು ತಮ್ಮ ಕೂಗನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. 1789ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಇದನ್ನೇ ಹೇಳಿತು: ಕೂಗು ಎನ್ನುವುದು ಬರೀ ಒಂದು ಪ್ರಸ್ತಾವ, ಸುತ್ತಿಗೆಯೇ ಅದರ ಸ್ವೀಕಾರ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಕೂಡ ಇದೇ ಮಾತನ್ನು ಬರೆದಿಟ್ಟಿದೆ.

ಇನ್ನೊಂದು ಮಾತು. ನಿಮ್ಮಿಂದಾಗಿ ಸೋತ ಒಬ್ಬರಿದ್ದಾರಲ್ಲ, ಅವರು ಅಂದೇ ಬೇರೆ ಕಡೆ ಬೇರೆ ಲೆನ್ಸ್ ಕೊಂಡಿರಬಹುದು. ನೀವು ಈಗ ಬೇಡ ಎಂದರೆ ಮಾರಾಟಗಾರರಿಗೆ ಆ ಗಿರಾಕಿಯೂ ಇಲ್ಲ, ನೀವೂ ಇಲ್ಲ. ಅಂಗಡಿಯಲ್ಲಿ ಕೊಂಡ ಅಂಗಿಯನ್ನು ವಾಪಸು ಮಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ಕರಾರುಪತ್ರ

ಮೂರನೆಯಸಾರಿ ಅವರ ಮಾತು ಹರಾಜು ಕಟ್ಟೆಯ ಮಟ್ಟಿಗೆ ಪೂರ್ತಿ ಸರಿ. ಆದರೆ ಹಳೆಯಲೆನ್ಸ್ ಅವರ ಹರಾಜಿನಲ್ಲಿ ಸುತ್ತಿಗೆ ಎಲ್ಲಿತ್ತು? ಗಡಿಯಾರವೊಂದೇ ಇತ್ತು. ಈ ವ್ಯತ್ಯಾಸದ ಮೇಲೆ ಯುರೋಪಿನಲ್ಲಿ ಹತ್ತು ವರ್ಷ ವಾದ ನಡೆದಿದೆ. ಗೊಂದಲ ಹುಟ್ಟಿದ್ದೂ ಅಲ್ಲಿಂದಲೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1997ರಲ್ಲಿ ಐರೋಪ್ಯ ಒಕ್ಕೂಟವು ದೂರದಿಂದ ನಡೆಯುವ ಮಾರಾಟಗಳಿಗೆ ಒಂದು ನಿರ್ದೇಶನ ತಂದಿತು. ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವವರಿಗೆ, ಅದು ಬಂದ ಮೇಲೆ ಕನಿಷ್ಠ ಏಳು ಕೆಲಸದ ದಿನಗಳೊಳಗೆ, ಯಾವ ಕಾರಣವನ್ನೂ ಹೇಳದೆ ಹಿಂದೆ ಸರಿಯುವ ಹಕ್ಕು ಕೊಟ್ಟಿತು. ಆದರೆ ‘ಹರಾಜಿನಲ್ಲಿ ಆದ ಕರಾರುಗಳಿಗೆ’ ಈ ನಿರ್ದೇಶನ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಹೊರಗಿಟ್ಟಿತು. ಆನ್‌ಲೈನ್ ಹರಾಜು ಆಗಿನ್ನೂ ಕಣ್ಣು ಬಿಡುತ್ತಿತ್ತು. ಕರಡು ಬರೆದವರ ಮನಸ್ಸಿನಲ್ಲಿ ಇದ್ದದ್ದು ಹರಾಜು ಕಟ್ಟೆ.

ಆಮೇಲೆ ಜರ್ಮನಿಯ ಆಭರಣ ವ್ಯಾಪಾರಿಯೊಬ್ಬರು ಅಂತರ್ಜಾಲದ ಹರಾಜಿನಲ್ಲಿ ವಜ್ರದ ಕಡಗವೊಂದನ್ನು ಇಟ್ಟರು. ಗೆದ್ದವರು ಬೇಡ ಎಂದರು, ಹಣ ಕೊಡಲಿಲ್ಲ. ವ್ಯಾಪಾರಿ ನ್ಯಾಯಾಲಯಕ್ಕೆ ಹೋದರು. 2004ರ ನವೆಂಬರ್ 3ರಂದು ಜರ್ಮನಿಯ ಉಚ್ಚ ಸಿವಿಲ್ ನ್ಯಾಯಾಲಯ ಕೊಳ್ಳುವವರ ಪರವಾಗಿ ತೀರ್ಪು ಕೊಟ್ಟಿತು. ಅದರ ತರ್ಕ ನೇರವಾಗಿದೆ. ಅಲ್ಲಿನ ಸಿವಿಲ್ ಸಂಹಿತೆಯ ಪ್ರಕಾರ ಹರಾಜು ಎಂದರೆ ಹರಾಜುದಾರನು ಸುತ್ತಿಗೆ ಬಡಿದು ಒಪ್ಪಿಕೊಳ್ಳುವುದು. ಇಲ್ಲಿ ಒಪ್ಪಿಕೊಳ್ಳಲು ಯಾರೂ ಕೂತಿರಲಿಲ್ಲ; ವ್ಯಾಪಾರಿ ವಸ್ತುವನ್ನು ಪ್ರದರ್ಶನಕ್ಕೆ ಇಟ್ಟಾಗಲೇ ಬದ್ಧನಾದ, ಅವಧಿ ಮುಗಿದಾಗ ಅತಿ ಹೆಚ್ಚು ಕೊಟ್ಟವರ ಜೊತೆ ಕರಾರು ತಾನಾಗಿ ಆಯಿತು. ಹೆಸರು ಏನೇ ಇರಲಿ, ಇದು ಅವಧಿ ಇಟ್ಟು ಮಾಡಿದ ಮಾರಾಟ. ಆದ್ದರಿಂದ ಹಿಂದೆ ಸರಿಯುವ ಹಕ್ಕು ಉಂಟು.

2011ರಲ್ಲಿ ಒಕ್ಕೂಟ ಹೊಸ ಗ್ರಾಹಕ ಹಕ್ಕುಗಳ ನಿರ್ದೇಶನ ತಂದಾಗ ಈ ವಿಷಯವನ್ನು ಖಚಿತಪಡಿಸಿತು. ‘ಸಾರ್ವಜನಿಕ ಹರಾಜಿಗೆ’ ಮಾತ್ರ ವಿನಾಯಿತಿ. ಹರಾಜುದಾರನೊಬ್ಬ ನಡೆಸಬೇಕು, ಕೊಳ್ಳುವವರು ಖುದ್ದಾಗಿ ಹಾಜರಾಗಬೇಕು ಅಥವಾ ಹಾಜರಾಗುವ ಅವಕಾಶವಾದರೂ ಅವರಿಗೆ ಇರಬೇಕು; ಹಾಗಿದ್ದರೆ ಮಾತ್ರ ಅದು ಸಾರ್ವಜನಿಕ ಹರಾಜು. ಹರಾಜಿಗಾಗಿ ತೆರೆದಿಟ್ಟ ಆನ್‌ಲೈನ್ ವೇದಿಕೆಯನ್ನು ಬಳಸುವುದು ಆ ಅರ್ಥದ ಹರಾಜಲ್ಲ ಎಂದು ಪೀಠಿಕೆಯಲ್ಲೇ ಬರೆದಿದ್ದಾರೆ. 2014ರ ಜೂನ್ 13ರಿಂದ ಇದು ಜಾರಿಯಲ್ಲಿದೆ. ಬ್ರಿಟನ್ನಿನ 2013ರ ನಿಯಮಾವಳಿಯೂ ಅದೇ ದಿನದಿಂದ ಜಾರಿಗೆ ಬಂತು, ಅವರು ಒಕ್ಕೂಟ ಬಿಟ್ಟ ಮೇಲೂ ಉಳಿದಿದೆ. ಅವಧಿ ಈಗ 14 ದಿನ, ವಸ್ತು ಕೈಗೆ ಬಂದ ದಿನದಿಂದ.

ಹೀಗಾಗಿ ಹಳೆಯಲೆನ್ಸ್ ಅವರೇ, ಎರಡು ವಿಷಯ ತಿಳಿಸಿ. ನೀವೂ ಮಾರಾಟಗಾರರೂ ಯಾವ ದೇಶಗಳಲ್ಲಿದ್ದೀರಿ? ಅವರು ವ್ಯಾಪಾರಿಯೋ, ಮನೆಯ ಹಳೆಯ ವಸ್ತು ಮಾರುತ್ತಿರುವ ಖಾಸಗಿ ವ್ಯಕ್ತಿಯೋ? ಎರಡನೆಯದೇ ಹೆಚ್ಚು ಮುಖ್ಯ.

ಮೂರನೆಯಸಾರಿ

ತಿಳಿಸಿದ್ದಕ್ಕೆ ಧನ್ಯವಾದ, ಈ ತೀರ್ಪು ನನಗೆ ಗೊತ್ತಿರಲಿಲ್ಲ. ಒಂದು ಸಂದೇಹ. ಈಗ ಬಹಳಷ್ಟು ಹರಾಜು ಸಂಸ್ಥೆಗಳು ಕಟ್ಟೆಯಲ್ಲಿ ಜನರನ್ನು ಕೂರಿಸಿಕೊಂಡೇ ಅಂತರ್ಜಾಲದಲ್ಲೂ ನೇರ ಪ್ರಸಾರ ಮಾಡುತ್ತವೆ. ಮನೆಯಲ್ಲಿ ಕೂತು ಕೂಗಿದವರ ಗತಿ ಏನು?

ಕರಾರುಪತ್ರ

ಅದು ಸಾರ್ವಜನಿಕ ಹರಾಜೇ. ನೀವು ಹೋಗಲಿಲ್ಲ ಎನ್ನುವುದು ಲೆಕ್ಕಕ್ಕಿಲ್ಲ, ಹೋಗುವ ಅವಕಾಶ ನಿಮಗಿತ್ತು. ಅಲ್ಲಿ ಹಿಂದೆ ಸರಿಯುವ ಹಕ್ಕಿಲ್ಲ. ಅದೇ ಸಂಸ್ಥೆ ಕಟ್ಟೆಯೇ ಇಲ್ಲದೆ, ಪರದೆಯ ಮೇಲೆ ಮಾತ್ರ, ಅವಧಿ ಇಟ್ಟು ನಡೆಸಿದರೆ ವಿನಾಯಿತಿ ಸಿಗುವುದಿಲ್ಲ. ಆಗಲೂ ವಸ್ತುವಿನ ನಿಜವಾದ ಒಡೆಯರು ಯಾರು ಎಂದು ಕೇಳಬೇಕು. ಸಂಸ್ಥೆ ಬರೀ ಮಧ್ಯವರ್ತಿಯಾಗಿದ್ದು ಒಡೆಯರು ಖಾಸಗಿ ವ್ಯಕ್ತಿಯಾಗಿದ್ದರೆ ಮತ್ತೆ ಹಕ್ಕಿಲ್ಲ.

ಹಳೆಯಲೆನ್ಸ್

ಇಬ್ಬರಿಗೂ ಧನ್ಯವಾದ. ಮಾರಾಟಗಾರರೂ ನಾನೂ ಐರೋಪ್ಯ ಒಕ್ಕೂಟದ ಒಳಗೇ ಇದ್ದೇವೆ, ಬೇರೆ ಬೇರೆ ದೇಶಗಳಲ್ಲಿ. ಅವರ ಪುಟದಲ್ಲಿ ‘ಖಾಸಗಿ ಮಾರಾಟಗಾರ’ ಎಂಬ ಗುರುತು ಇದೆ. ಆದರೆ ನಿನ್ನೆ ಕೂತು ಎಣಿಸಿದೆ: ಈಗ ಮಾರಾಟಕ್ಕಿರುವುದೇ ಅರವತ್ತಕ್ಕೂ ಹೆಚ್ಚು ಲೆನ್ಸ್, ಎಲ್ಲವೂ ಒಂದೇ ರೀತಿಯ ಹಿನ್ನೆಲೆಯಲ್ಲಿ ತೆಗೆದ ಚಿತ್ರಗಳು, ಎಲ್ಲಕ್ಕೂ ಒಂದೇ ಮಾದರಿಯ ವಿವರಣೆ. ಇದು ಖಾಸಗಿಯೇ?

ಮಾರುವಾಕೆ

ದಯವಿಟ್ಟು ಎಣಿಕೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ನಾನೂ ಖಾಸಗಿಯಾಗಿ ಮಾರುವವಳು. ತಂದೆ ತೀರಿಕೊಂಡ ಮೇಲೆ ಅವರ ಸಂಗ್ರಹದ ಗಡಿಯಾರಗಳನ್ನು ಒಂದೊಂದಾಗಿ ಹರಾಜಿಗಿಟ್ಟೆ. ಎರಡು ವರ್ಷ ಹಿಡಿಯಿತು. ನನಗೆ ಅಂಗಡಿಯಿಲ್ಲ, ಲಾಭದ ಲೆಕ್ಕವಿಲ್ಲ. ಒಬ್ಬರು ಗೆದ್ದ ಗಡಿಯಾರವನ್ನು ಹತ್ತು ದಿನ ಕಟ್ಟಿಕೊಂಡು ತಿರುಗಿ, ಬೇಡ ಎಂದು ವಾಪಸು ಕಳಿಸಿದರು. ಬಂದಾಗ ಗಾಜಿನ ಮೇಲೆ ಗೀರು. ಆ ದಿನ ನಾನು ಅತ್ತದ್ದು ಗೀರಿಗಾಗಿ ಮಾತ್ರ ಅಲ್ಲ. ಅದು ನನ್ನ ತಂದೆ ದಿನವೂ ಒರೆಸಿಡುತ್ತಿದ್ದ ಗಡಿಯಾರ.

ದೊಡ್ಡ ಅಂಗಡಿಯಾದರೆ ಇಂಥ ನಷ್ಟವನ್ನು ನೂರು ಮಾರಾಟಗಳ ಮೇಲೆ ಹಂಚಿಕೊಳ್ಳುತ್ತದೆ. ನಮ್ಮಂಥವರು ಯಾರ ಮೇಲೆ ಹಂಚಬೇಕು?

ಕರಾರುಪತ್ರ

ಮಾರುವಾಕೆ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಕಾನೂನೂ ನಿಮ್ಮನ್ನು ಕೈಬಿಟ್ಟಿಲ್ಲ. ಮನಸ್ಸು ಬದಲಾದರೆ ಹಣ ವಾಪಸು ಎಂಬ ಹಕ್ಕು ವ್ಯಾಪಾರಿಯ ಎದುರು ಮಾತ್ರ. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಮಾರಿದಾಗ ಅದು ಇಲ್ಲ. ಆ ಗಡಿಯಾರವನ್ನು ವಾಪಸು ಪಡೆಯುವ ಬಾಧ್ಯತೆ, ನಿಮ್ಮ ವಿವರಣೆ ಸರಿಯಿದ್ದ ಪಕ್ಷದಲ್ಲಿ, ನಿಮಗಿರಲಿಲ್ಲ.

ಎಣಿಕೆಯ ಬಗ್ಗೆ ನೀವು ಹೇಳಿದ್ದೂ ಸರಿ. 2018ರ ಅಕ್ಟೋಬರ್ 4ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಬಲ್ಗೇರಿಯಾದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ವಿಚಾರಿಸಿತು. ಒಬ್ಬರು ಹಳೆಯ ಕೈಗಡಿಯಾರವೂ ಸೇರಿದಂತೆ ಎಂಟು ಜಾಹೀರಾತುಗಳನ್ನು ಹಾಕಿದ್ದರು. ಎಂಟು ಇದ್ದ ಮಾತ್ರಕ್ಕೆ ವ್ಯಾಪಾರಿ ಎನ್ನಲಾಗದು ಎಂದಿತು ನ್ಯಾಯಾಲಯ. ಹಾಗಾದರೆ ಏನನ್ನು ನೋಡಬೇಕು? ಮಾರಾಟ ವ್ಯವಸ್ಥಿತವಾಗಿದೆಯೇ, ಲಾಭಕ್ಕಾಗಿಯೇ, ಕೊಳ್ಳುವವರಿಗಿಲ್ಲದ ಪರಿಣತಿ ಮಾರುವವರಿಗಿದೆಯೇ, ಮರುಮಾರಾಟಕ್ಕೆಂದೇ ಕೊಂಡು ತಂದದ್ದೇ, ಒಂದೇ ಬಗೆಯ ವಸ್ತುಗಳೇ, ಮೌಲ್ಯವರ್ಧಿತ ತೆರಿಗೆಗೆ ನೋಂದಣಿ ಇದೆಯೇ. ಇವೆಲ್ಲವನ್ನೂ ಕೂಡಿಸಿ ತೂಗಬೇಕು, ಒಂದೇ ಸಾಲದು. ತಂದೆಯ ಸಂಗ್ರಹವನ್ನು ಖಾಲಿ ಮಾಡುವವರು ಈ ತಕ್ಕಡಿಯಲ್ಲಿ ವ್ಯಾಪಾರಿಯಾಗಿ ತೂಗುವುದು ಕಷ್ಟ. ಅರವತ್ತು ಲೆನ್ಸುಗಳನ್ನು ಒಂದೇ ಅಚ್ಚಿನಲ್ಲಿ ಇಟ್ಟು, ಮುಗಿದಂತೆ ಮತ್ತೆ ತುಂಬಿಸುತ್ತಿರುವವರು ಹಾಗೆ ತೂಗುವ ಸಾಧ್ಯತೆ ಹೆಚ್ಚು.

2022ರ ಮೇ 28ರಿಂದ ಒಕ್ಕೂಟದಲ್ಲಿ ಮಾರಾಟದ ಜಾಲತಾಣಗಳು ಮಾರುವವರು ವ್ಯಾಪಾರಿಯೋ ಅಲ್ಲವೋ ಎಂದು ಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ಆದರೆ ಅದು ಮಾರುವವರು ತಾವೇ ಕೊಟ್ಟ ಹೇಳಿಕೆಯನ್ನು ಆಧರಿಸಿದ್ದು. ‘ಖಾಸಗಿ’ ಎಂದು ತಾನೇ ಅಂಟಿಸಿಕೊಂಡ ಚೀಟಿ ಯಾರನ್ನೂ ಖಾಸಗಿ ಮಾಡುವುದಿಲ್ಲ.

ಚಟಪಟ

ಇಷ್ಟೆಲ್ಲ ಏಕೆ? ಲೆನ್ಸ್ ಬಂದ ಮೇಲೆ ‘ವಿವರಣೆಗೆ ತಕ್ಕಂತಿಲ್ಲ, ಒಳಗೆ ಧೂಳಿದೆ’ ಎಂದು ದೂರು ಕೊಡಿ. ಹಳೆಯ ಲೆನ್ಸ್ ಎಂದ ಮೇಲೆ ಧೂಳು ಇದ್ದೇ ಇರುತ್ತದೆ. ಜಾಲತಾಣ ಹೆಚ್ಚಾಗಿ ಕೊಳ್ಳುವವರ ಮಾತನ್ನೇ ಕೇಳುತ್ತದೆ. ಹಲವರು ಮಾಡುವುದು ಇದನ್ನೇ.

ಮಾರುವಾಕೆ

ಹಲವರು ಮಾಡುತ್ತಾರೆ, ನನಗೂ ಗೊತ್ತು, ನನ್ನ ಮೇಲೆಯೂ ಮಾಡಿದ್ದಾರೆ. ಚೆನ್ನಾಗಿದ್ದ ವಸ್ತುವಿಗೆ ಇಲ್ಲದ ದೋಷ ಹೊರಿಸಿದಾಗ ಮಾರಿದವರಿಗೆ ಹಣ ಮಾತ್ರ ಹೋಗುವುದಿಲ್ಲ, ಹೆಸರೂ ಹೋಗುತ್ತದೆ. ಅದನ್ನು ಒರೆಸುವ ಬಟ್ಟೆ ಇಲ್ಲ. ಆ ಲೆನ್ಸ್ ಮಾರಿದವರು ಖಾಸಗಿ ಎಂದು ಸುಳ್ಳು ಹೇಳಿದ್ದರೆ ಅದನ್ನು ಬಯಲಿಗೆಳೆಯಿರಿ, ನಾನೂ ನಿಮ್ಮ ಜೊತೆಗಿದ್ದೇನೆ. ಅವರ ಸುಳ್ಳಿಗೆ ನಿಮ್ಮದೊಂದು ಸುಳ್ಳನ್ನು ಜೋಡಿಸಬೇಡಿ.

ಕರಾರುಪತ್ರ

ಚಟಪಟ ಅವರೇ, ನೀತಿಯ ಮಾತು ಹಾಗಿರಲಿ, ಲೆಕ್ಕದಲ್ಲೂ ಅದು ತಪ್ಪು ದಾರಿ. ಮನಸ್ಸು ಬದಲಾದದ್ದು ಬೇರೆ, ದೋಷವಿರುವುದು ಬೇರೆ. ಮೊದಲನೆಯದಕ್ಕೆ ಕಾರಣವನ್ನೇ ಹೇಳಬೇಕಿಲ್ಲ. ಎರಡನೆಯದಕ್ಕೆ ತಕರಾರು ಬಂದರೆ ಸಾಬೀತು ಮಾಡಬೇಕಾಗುತ್ತದೆ. ಕಾರಣ ಕೇಳದ ಹಕ್ಕು ಕೈಯಲ್ಲಿರುವಾಗ ಸುಳ್ಳು ಕಾರಣವನ್ನು ಕಟ್ಟಿಕೊಂಡು ಹೋದರೆ, ಗೆಲ್ಲುವ ಮೊಕದ್ದಮೆಯನ್ನು ಸೋಲುವ ಮೊಕದ್ದಮೆಯಾಗಿ ಮಾಡಿಕೊಂಡಂತೆ. ಬ್ಯಾಂಕಿಗೆ ಹೇಳಿ ಕಾರ್ಡಿನ ಪಾವತಿಯನ್ನು ಹಿಂದಕ್ಕೆ ಎಳೆಸುವ ಯೋಚನೆ ಇದ್ದರೆ ಅದೂ ಬೇಡ. ಆ ವ್ಯವಸ್ಥೆ ಇರುವುದು ವಸ್ತು ಬಾರದಿದ್ದಾಗ, ಬೇರೆಯದೇ ಬಂದಾಗ, ಮೋಸವಾದಾಗ. ಪಶ್ಚಾತ್ತಾಪಕ್ಕೆ ಅಲ್ಲ.

ಹಳೆಯದು, ಕೆಟ್ಟದ್ದು ಎಂದು ಹೇಳಿಯೇ ಮಾರಿದರೆ ಆ ಕೆಡುಕಿಗಾಗಿ ದೂರುವಂತಿಲ್ಲ. ಇಬೇ 1995ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೊಂಡವರಿಗೆ ಅದು ಕೆಟ್ಟದ್ದು ಎಂದು ಗೊತ್ತಿತ್ತು. ವಿವರಣೆ ಪ್ರಾಮಾಣಿಕವಾಗಿತ್ತು, ಅಲ್ಲಿಗೆ ಮುಗಿಯಿತು.

ಚಟಪಟ

ಸರಿ, ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಾರಣ ಹೇಳದೆಯೇ ವಾಪಸು ಮಾಡಬಹುದು ಎಂಬುದು ನನಗೆ ತಿಳಿದಿರಲಿಲ್ಲ.

ದಕ್ಷಿಣಗಾಳಿ

ಯುರೋಪಿನ ಮಾತಾಯಿತು. ಉಳಿದ ಕಡೆ? ನನ್ನ ತಂಗಿ ಆಸ್ಟ್ರೇಲಿಯಾದಲ್ಲಿದ್ದಾಳೆ, ಅಲ್ಲಿಯೂ 14 ದಿನ ಇದೆ ಎಂದೇ ನಂಬಿಕೊಂಡಿದ್ದಾಳೆ.

ಕರಾರುಪತ್ರ

ಇಲ್ಲ, ಆ ನಂಬಿಕೆಯನ್ನು ಬಿಡಿಸಿ. ಆಸ್ಟ್ರೇಲಿಯಾದಲ್ಲಿ ಆನ್‌ಲೈನ್‌ನಲ್ಲಿ ತಾವಾಗಿ ಕೊಂಡದ್ದಕ್ಕೆ ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ಹಣ ಕೇಳುವ ಹಕ್ಕು ಕಾನೂನಿನಲ್ಲಿ ಇಲ್ಲ. ಅಂಗಡಿ ತಾನಾಗಿ ಕೊಟ್ಟರೆ ಉಂಟು. ಕೊಡುತ್ತೇನೆ ಎಂದು ಬರೆದಿದ್ದರೆ ಆ ಮಾತಿಗೆ ಬದ್ಧ. ಆದರೆ ದೋಷದ ವಿಷಯದಲ್ಲಿ ಅಲ್ಲಿನ ಗ್ರಾಹಕ ಕಾನೂನು ಗಟ್ಟಿಯಾಗಿದೆ. 2011ರಿಂದ ಜಾರಿಯಲ್ಲಿರುವ ಆ ಕಾನೂನಿನ ಗುಣಮಟ್ಟದ ಖಾತರಿಗಳು ಹರಾಜಿಗೆ ಅನ್ವಯಿಸುವುದಿಲ್ಲ ಎಂದಿದೆ ನಿಜ. ಆದರೆ ‘ಹರಾಜು’ ಎಂದರೆ ಮಾರುವವರ ಪರವಾಗಿ ಏಜೆಂಟ್ ಒಬ್ಬರು ನಡೆಸುವುದು ಎಂಬ ವ್ಯಾಖ್ಯೆಯೂ ಅಲ್ಲೇ ಇದೆ. ಜಾಲತಾಣ ಬರೀ ಜಾಗ ಕೊಟ್ಟು, ವ್ಯಾಪಾರಿ ತಾನೇ ಮಾರುತ್ತಿದ್ದರೆ ಖಾತರಿಗಳು ಉಳಿಯುತ್ತವೆ.

ನ್ಯೂಜಿಲೆಂಡಿನಲ್ಲಿ 1993ರ ಗ್ರಾಹಕ ಖಾತರಿ ಕಾಯ್ದೆ ಹರಾಜನ್ನು ಪೂರ್ತಿ ಹೊರಗಿಟ್ಟಿತ್ತು. 2014ರ ಜೂನ್ 17ರಿಂದ, ಮಾರುವವರು ವ್ಯಾಪಾರಿಯಾದರೆ, ಹರಾಜಿಗೂ ಖಾತರಿ ಬಂತು. ಅಂತರ್ಜಾಲದಲ್ಲಿ ಮಾರುವ ವ್ಯಾಪಾರಿ ತಾನು ವ್ಯಾಪಾರಿ ಎಂದು ಹೇಳಿಕೊಳ್ಳಲೇಬೇಕು. ಅಲ್ಲಿಯೂ ಮನಸ್ಸು ಬದಲಾದದ್ದಕ್ಕೆ ಹಕ್ಕಿಲ್ಲ.

ಅಮೆರಿಕದ ಫೆಡರಲ್ ಸರ್ಕಾರದ ಮೂರು ದಿನಗಳ ನಿಯಮವನ್ನು ಹಲವರು ಉದಾಹರಿಸುತ್ತಾರೆ. ಅದು ಮನೆ ಬಾಗಿಲಿಗೆ ಬಂದು ಮಾರುವವರಿಗೆ ಸಂಬಂಧಿಸಿದ್ದು, ಪೂರ್ತಿ ಅಂತರ್ಜಾಲದಲ್ಲೇ ನಡೆದ ಮಾರಾಟಕ್ಕೆ ಅಲ್ಲ.

ಓದುಗಮನೆ

ಭಾರತದ ಸ್ಥಿತಿಯನ್ನು ನಾನು ಸೇರಿಸುತ್ತೇನೆ, ಗ್ರಾಹಕ ಆಯೋಗದಲ್ಲಿ ಎರಡು ಪ್ರಕರಣಗಳಿಗಾಗಿ ಓಡಾಡಿದ ಅನುಭವವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಾಗಲಿ 2020ರ ಇ-ವಾಣಿಜ್ಯ ನಿಯಮಗಳಲ್ಲಾಗಲಿ ‘ಬೇಡವಾಯಿತು’ ಎಂದು ವಾಪಸು ಮಾಡುವ ಸಾಮಾನ್ಯ ಹಕ್ಕು ಇಲ್ಲ. ಆದರೆ ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ಅವಧಿಗಿಂತ ತಡವಾಗಿ ಬಂದರೆ ಮಾರಾಟಗಾರರು ವಾಪಸು ಪಡೆಯುವುದಿಲ್ಲ ಎನ್ನುವಂತಿಲ್ಲ. ಆಗ ‘ಮಾರಿದ್ದನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲಿಗೆ ಬೆಲೆಯಿಲ್ಲ. ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ 1915 ಸಹಾಯವಾಣಿ, ಆಮೇಲೆ ಆಯೋಗ. ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಾಲಮಿತಿ ಎರಡು ವರ್ಷ. ಮಾರಾಟಗಾರರು ಸಾವಿರ ಮೈಲಿ ದೂರದಲ್ಲಿದ್ದರೂ ನೀವು ಅಲ್ಲಿಗೆ ಹೋಗಬೇಕಿಲ್ಲ ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು ಓಡಾಡಿದವರಿಗೇ ಗೊತ್ತು.

ನಿವೇಶನದ ಹರಾಜಿಗೆ ಇದನ್ನು ಹೋಲಿಸಬೇಡಿ. ಇರುವುದನ್ನು ಇರುವಂತೆಯೇ ಸಾರ್ವಜನಿಕ ಹರಾಜಿನಲ್ಲಿ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ ಹೇಳಿದೆ.

ಹಳೆಯಲೆನ್ಸ್

ಒಂದು ಅನುಮಾನ ನಿದ್ದೆ ಕೆಡಿಸಿದೆ. ಕೊನೆಯ ಎರಡು ನಿಮಿಷ ನನ್ನನ್ನು ಏರಿಸಿದವರು ಮಾರಾಟಗಾರರ ಕಡೆಯವರೇ ಆಗಿದ್ದರೆ?

ಮೂರನೆಯಸಾರಿ

ಕಟ್ಟೆಯಲ್ಲೂ ಇದು ಹಳೆಯ ರೋಗ. ನಾನು ಮೊದಲು ಹೇಳಿದ 64ನೇ ಸೆಕ್ಷನ್ನಿನಲ್ಲೇ ಇದಕ್ಕೂ ಉತ್ತರವಿದೆ: ಮಾರುವವರು ತಾವೂ ಕೂಗುತ್ತೇವೆ ಎಂದು ಮೊದಲೇ ತಿಳಿಸದೆ ಕೂಗಿದರೆ ಅಥವಾ ಬೇರೆಯವರಿಂದ ಕೂಗಿಸಿದರೆ, ಕೊಂಡವರು ಆ ಮಾರಾಟವನ್ನು ಮೋಸ ಎಂದು ಪರಿಗಣಿಸಬಹುದು. ಇದು ಮನಸ್ಸು ಬದಲಾದ ಮಾತಲ್ಲ, ನಿಮ್ಮ ಮನಸ್ಸನ್ನು ಯಾರೋ ತಿರುಚಿದ ಮಾತು. ಜಾಲತಾಣಕ್ಕೆ ಬರೆದು ತನಿಖೆ ಮಾಡಲು ಕೇಳಿ. ಎದುರಿನ ಖಾತೆ ಹೊಸದೇ, ಇದೇ ಮಾರಾಟಗಾರರ ವಸ್ತುಗಳಿಗೇ ಮತ್ತೆ ಮತ್ತೆ ಕೂಗಿದೆಯೇ ಎಂಬುದನ್ನು ನೋಡಲಿ.

ಕರಾರುಪತ್ರ

ಇದರ ಬಗ್ಗೆ ಜರ್ಮನಿಯ ಅದೇ ನ್ಯಾಯಾಲಯ 2016ರ ಆಗಸ್ಟ್ 24ರಂದು ಕೊಟ್ಟ ತೀರ್ಪು ನೆನಪಿಡುವಂಥದ್ದು. ಕಾರು ಮಾರುತ್ತಿದ್ದವರೊಬ್ಬರು ಎರಡನೆಯ ಖಾತೆಯಿಂದ ತಾವೇ ಏರಿಸುತ್ತ ಹೋದರು. ನಿಜವಾದ ಸ್ಪರ್ಧಿಯ ಮೊತ್ತ ಇದ್ದದ್ದು 1 ಯೂರೊ. ಮಾರುವವರ ಕೂಗುಗಳೆಲ್ಲ ಲೆಕ್ಕಕ್ಕಿಲ್ಲ, ಆದ್ದರಿಂದ ಕೊಳ್ಳುವವರು ಗೆದ್ದದ್ದು 1.50 ಯೂರೊಗೆ ಎಂದಿತು ನ್ಯಾಯಾಲಯ. ಕಾರು ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಅದರ ಬೆಲೆಗೆ ತಕ್ಕ ಪರಿಹಾರ, ಸುಮಾರು 16,500 ಯೂರೊ, ಕೊಳ್ಳುವವರಿಗೆ ಸಿಕ್ಕಿತು.

ಮಾರುವಾಕೆ

ಒಂದು ಪ್ರಶ್ನೆ. ಕೊಳ್ಳುವವರ ಮನಸ್ಸು ಬದಲಾಗುವ ಮಾತು ಇಷ್ಟು ನಡೆಯಿತು. ಮಾರುವವರ ಮನಸ್ಸು ಬದಲಾದರೆ? ಬೆಲೆ ಏರಲಿಲ್ಲ ಎಂದು ನಡುವೆಯೇ ನಿಲ್ಲಿಸಿದರೆ?

ಕರಾರುಪತ್ರ

ಅವರಿಗೆ ಯಾವ ರಿಯಾಯಿತಿಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿರಾವೇ ವಿಮಾನವೊಂದು ಆನ್‌ಲೈನ್ ಹರಾಜಿನಲ್ಲಿ 1,50,000 ಡಾಲರಿಗೆ ಹೋಯಿತು. ಮಾರುವವರು ಕೊಡುವುದಿಲ್ಲ ಎಂದರು. 2007ರಲ್ಲಿ ನ್ಯೂ ಸೌತ್ ವೇಲ್ಸ್‌ನ ಸುಪ್ರೀಂ ಕೋರ್ಟ್, ಕರಾರು ಆಗಿದೆ, ವಿಮಾನವನ್ನು ಒಪ್ಪಿಸಿ ಎಂದು ಆದೇಶಿಸಿತು. ಜರ್ಮನಿಯಲ್ಲಿ 2014ರಲ್ಲಿ 1 ಯೂರೊದಿಂದ ಶುರುವಾದ ಹಳೆಯ ಕಾರಿನ ಹರಾಜನ್ನು, ಹೊರಗೆ ಬೇರೆ ಗಿರಾಕಿ ಸಿಕ್ಕರು ಎಂದು ನಡುವೆ ನಿಲ್ಲಿಸಿದವರು 5,249 ಯೂರೊ ಪರಿಹಾರ ಕೊಡಬೇಕಾಯಿತು. ಕಾರಿನ ಬೆಲೆ 5,250, ಅದರಲ್ಲಿ ಆಗ ನಿಂತಿದ್ದ ಬಿಡ್ 1 ಯೂರೊ ಕಳೆದು.

ಕಡಿಮೆ ಬೆಲೆಗೆ ಹೋಗುವ ಭಯವಿದ್ದರೆ ಮೀಸಲು ಬೆಲೆಯನ್ನು ಮೊದಲೇ ಇಡಿ. ತಂದೆಯ ಗಡಿಯಾರಗಳಿಗೆ ಅದು ಅಗತ್ಯವಾಗಿತ್ತು ಎಂದು ನನ್ನ ಅನಿಸಿಕೆ.

ಓದುಗಮನೆ

ಹಳೆಯಲೆನ್ಸ್ ಅವರಿಗೆ ಇನ್ನೊಂದು. ಚೀಟಿಯಲ್ಲಿ ಮೊತ್ತ ಬರೆದಿದ್ದಿರಲ್ಲ, ಮುಂದಿನ ಸಲ ಅದನ್ನು ಜಾಲತಾಣದ ಸ್ವಯಂಚಾಲಿತ ಬಿಡ್ಡಿಗೇ ಕೊಟ್ಟು ಮಲಗಿಬಿಡಿ. ಅದು ನಿಮ್ಮ ಗರಿಷ್ಠ ಮೊತ್ತವನ್ನು ಒಮ್ಮೆಲೇ ಖರ್ಚು ಮಾಡುವುದಿಲ್ಲ, ಎರಡನೆಯವರನ್ನು ದಾಟಲು ಬೇಕಾದಷ್ಟನ್ನೇ ಏರಿಸುತ್ತದೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿವರಿಸಿದ ಹರಾಜಿಗೆ ಇದು ಹತ್ತಿರದ್ದು: ಗೆದ್ದವರು ಕೊಡುವುದು ಎರಡನೆಯವರ ಬೆಲೆ, ಹಾಗಾಗಿ ತನಗೆ ಆ ವಸ್ತು ನಿಜವಾಗಿ ಎಷ್ಟು ಬೆಲೆಯದೋ ಅಷ್ಟನ್ನೇ ಹೇಳುವುದು ಲಾಭ. ನಡುರಾತ್ರಿ ಗಡಿಯಾರ ನೋಡುತ್ತ ಕೂತರೆ ಆ ಲೆಕ್ಕ ಕೈತಪ್ಪುತ್ತದೆ.

ಹಳೆಯಲೆನ್ಸ್

ಲೆನ್ಸ್ ಇಂದು ಬಂತು. ಪೊಟ್ಟಣದೊಳಗೆ ಮುದ್ರಿತ ಬಿಲ್ ಇದೆ, ಅದರ ಮೇಲೆ ಅಂಗಡಿಯ ಮೊಹರು ಮತ್ತು ಮೌಲ್ಯವರ್ಧಿತ ತೆರಿಗೆಯ ನೋಂದಣಿ ಸಂಖ್ಯೆ. ಪುಟದಲ್ಲಿ ಮಾತ್ರ ಖಾಸಗಿ! ವಾಪಸಿನ ಬಗ್ಗೆ ಬಿಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಈಗ ಹೇಗೆ ಮುಂದುವರಿಯಲಿ? ಲೆನ್ಸನ್ನು ಮುಟ್ಟಲೇಬಾರದೇ?

ಕರಾರುಪತ್ರ

ಮುಟ್ಟಿ, ನೋಡಿ. ಅಂಗಡಿಯಲ್ಲಿ ಕೊಳ್ಳುವ ಮುನ್ನ ಹೇಗೆ ಪರೀಕ್ಷಿಸುತ್ತೀರೋ ಅಷ್ಟು ಮಾಡಬಹುದು: ಕ್ಯಾಮೆರಾಕ್ಕೆ ಕೂರಿಸಿ, ಉಂಗುರ ತಿರುಗಿಸಿ ನೋಡುವುದು. ಅದನ್ನು ಹಿಡಿದು ಪ್ರವಾಸಕ್ಕೆ ಹೋಗುವುದು ಬೇಡ. ಬಳಕೆಯಿಂದ ಬೆಲೆ ಇಳಿದರೆ, ಹಿಂದೆ ಸರಿಯುವ ಹಕ್ಕಿನ ಬಗ್ಗೆ ಮೊದಲೇ ತಿಳಿಸಿದ್ದ ವ್ಯಾಪಾರಿ ಆ ಭಾಗವನ್ನು ಕಡಿತ ಮಾಡಬಹುದು.

ಇಂದೇ ಬರಹದಲ್ಲಿ ತಿಳಿಸಿ. ‘ಇಂಥ ದಿನ ಇಂಥ ಹರಾಜಿನಲ್ಲಿ ಕೊಂಡ ಈ ವಸ್ತುವಿನ ಕರಾರಿನಿಂದ ಹಿಂದೆ ಸರಿಯುತ್ತಿದ್ದೇನೆ’ ಎಂದಿದ್ದರೆ ಸಾಕು. ಕಾರಣ ಬೇಡ, ಕ್ಷಮೆಯೂ ಬೇಡ. ಸುಮ್ಮನೆ ಪೊಟ್ಟಣವನ್ನು ವಾಪಸು ಕಳಿಸಿದರೆ ಸಾಲದು, ಹಿಂದೆ ಸರಿದದ್ದನ್ನು ಸ್ಪಷ್ಟವಾಗಿ ಹೇಳಿರಬೇಕು. ತಿಳಿಸಿದ ದಿನದಿಂದ 14 ದಿನಗಳೊಳಗೆ ವಸ್ತುವನ್ನು ರವಾನಿಸಿ, ಅಂಚೆ ರಸೀದಿಯನ್ನು ಜೋಪಾನ ಮಾಡಿ. ಅವರೂ 14 ದಿನಗಳೊಳಗೆ ಹಣ ಕೊಡಬೇಕು, ಆದರೆ ವಸ್ತು ಅಥವಾ ರವಾನೆಯ ಪುರಾವೆ ತಲುಪುವ ತನಕ ತಡೆಹಿಡಿಯಬಹುದು. ನೀವು ಮೊದಲು ಕೊಟ್ಟ ಸಾಗಣೆ ವೆಚ್ಚವೂ ಅದರಲ್ಲಿ ಸೇರುತ್ತದೆ. ತುರ್ತು ಸಾಗಣೆಗೆ ಹೆಚ್ಚು ಕೊಟ್ಟಿದ್ದರೆ ಆ ಹೆಚ್ಚಿನ ಭಾಗ ಬರುವುದಿಲ್ಲ.

ವಾಪಸು ಕಳಿಸುವ ವೆಚ್ಚ ಸಾಮಾನ್ಯವಾಗಿ ಕೊಂಡವರದು. ಆದರೆ ಅದು ಕೊಂಡವರ ಮೇಲೆ ಬೀಳುತ್ತದೆ ಎಂದು ವ್ಯಾಪಾರಿ ಮೊದಲೇ ತಿಳಿಸಿರಬೇಕು. ಇವರು ಹಕ್ಕೇ ಇಲ್ಲ ಎಂದು ಬರೆದಿದ್ದಾರೆ, ಆದ್ದರಿಂದ ಆ ವೆಚ್ಚ ಅವರದು. ಹಕ್ಕಿನ ಮಾಹಿತಿಯನ್ನೇ ಕೊಡದ ವ್ಯಾಪಾರಿಯ ಎದುರು ಅವಧಿಯೂ 12 ತಿಂಗಳು ಹೆಚ್ಚುತ್ತದೆ. ಹಾಗೆಂದು ಕಾಯಬೇಡಿ.

ಒಪ್ಪದಿದ್ದರೆ ನಿಮ್ಮ ದೇಶದ ಐರೋಪ್ಯ ಗ್ರಾಹಕ ಕೇಂದ್ರಕ್ಕೆ ಬರೆಯಿರಿ. ಒಕ್ಕೂಟದ ದೇಶಗಳು, ನಾರ್ವೆ, ಐಸ್‌ಲೆಂಡ್ ನಡುವಿನ ಇಂಥ ತಕರಾರುಗಳಲ್ಲಿ ಅವರು ಶುಲ್ಕವಿಲ್ಲದೆ ನೆರವಾಗುತ್ತಾರೆ. ಹಳೆಯ ಪುಟಗಳಲ್ಲಿ ಕಾಣುವ ಒಕ್ಕೂಟದ ಆನ್‌ಲೈನ್ ವ್ಯಾಜ್ಯ ಪರಿಹಾರ ತಾಣವನ್ನು ಹುಡುಕಬೇಡಿ, ಅದು 2025ರ ಜುಲೈ 20ರಂದು ಮುಚ್ಚಿದೆ.

ಹಳೆಯಲೆನ್ಸ್

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಮೊದಲ ಉತ್ತರ ಒರಟಾಗಿತ್ತು: ‘ನಾನು ಖಾಸಗಿ, ಹರಾಜು ಅಂತಿಮ.’ ಬಿಲ್ಲಿನ ಚಿತ್ರ ತೆಗೆದು, ತೆರಿಗೆ ಸಂಖ್ಯೆಯ ಸುತ್ತ ಗೆರೆ ಎಳೆದು ಕಳಿಸಿದೆ. 2011ರ ನಿರ್ದೇಶನದ ಹೆಸರನ್ನೂ ಬರೆದೆ. ನಾಲ್ಕು ದಿನ ಸುದ್ದಿಯಿಲ್ಲ. ಗ್ರಾಹಕ ಕೇಂದ್ರಕ್ಕೆ ಬರೆಯಲು ಕೂತ ದಿನವೇ ಒಪ್ಪಿಗೆ ಬಂತು, ವಾಪಸಿನ ಅಂಚೆಯ ಚೀಟಿಯೂ ಜೊತೆಗೆ ಬಂತು. ರಸೀದಿಯ ಚಿತ್ರ ಕಳಿಸಿದ ಐದನೆಯ ದಿನ ಹಣ ಪೂರ್ತಿ ಬಂತು. ಆ ರಾತ್ರಿ ನಾನು ತುರ್ತು ಸಾಗಣೆಯನ್ನು ಆರಿಸಿದ್ದೆ, ಅದರ ಹೆಚ್ಚಿನ ಭಾಗ ಮಾತ್ರ ಬರಲಿಲ್ಲ.

ಎದುರಿಗೆ ಏರಿಸಿದವರ ಬಗ್ಗೆ ಜಾಲತಾಣ ಪರಿಶೀಲಿಸಿ ಉತ್ತರಿಸಿದೆ. ಹಲವು ವರ್ಷಗಳಿಂದ ಬೇರೆ ಬೇರೆಯವರಿಂದ ಕೊಳ್ಳುತ್ತಿರುವ ನಿಜವಾದ ಗಿರಾಕಿ. ನನ್ನ ಅನುಮಾನ ತಪ್ಪಾಗಿತ್ತು, ಅವರನ್ನು ತಪ್ಪು ತಿಳಿದದ್ದಕ್ಕೆ ಬೇಸರವಾಗಿದೆ. ಮೂರನೆಯಸಾರಿ ಅವರು ಮೊದಲೇ ನೆನಪಿಸಿದ ‘ಸೋತ ಒಬ್ಬರು’ ಇವರೇ. ಆ ಲೆನ್ಸ್ ಅಂದು ನ್ಯಾಯವಾಗಿ ಅವರಿಗೆ ಹೋಗಬೇಕಿತ್ತು.

ಮಾರುವಾಕೆ

ಒಳ್ಳೆಯದಾಯಿತು. ಆ ಪುಟದ ಮೇಲೆ ಈಗಲೂ ‘ಖಾಸಗಿ’ ಎಂದೇ ಇದೆಯೇ?

ಹಳೆಯಲೆನ್ಸ್

ಇಲ್ಲ, ಗುರುತು ‘ವ್ಯಾಪಾರಿ’ ಎಂದು ಬದಲಾಗಿದೆ. ಅದೇ ಲೆನ್ಸ್ ನಿನ್ನೆ ಮತ್ತೆ ಹರಾಜಿಗೆ ಬಂದಿದೆ. ಈ ಸಲ ‘14 ದಿನಗಳೊಳಗೆ ವಾಪಸು ಮಾಡಬಹುದು, ವಾಪಸಿನ ಅಂಚೆ ವೆಚ್ಚ ಕೊಂಡವರದು’ ಎಂದು ಚಿತ್ರದ ಕೆಳಗೇ ಬರೆದಿದ್ದಾರೆ. ಬೆಳಿಗ್ಗೆ ನೋಡಿದಾಗ ಎದುರಿಗಿದ್ದ ಅದೇ ಗಿರಾಕಿಯ ಬಿಡ್ ಮೊದಲನೆಯದಾಗಿ ನಿಂತಿತ್ತು.